ಬಳಪ ಮತ್ತು ತೊಟ್ಟಿಲು

ಪರಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಯಾವುದಾದರೊಂದರ ವಂಶವೃಕ್ಷವನ್ನು ಕಾಗದದ ಮೇಲೆ ಬರೆದು ನೋಡಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಜ್ಜಿಯ ಕಾಲದಲ್ಲಿ ಎಂಟು, ಹತ್ತು ಹೆರಿಗೆ. ಅವುಗಳಲ್ಲಿ ಉಳಿದ ಮಕ್ಕಳು ಐದೋ ಆರೋ. ತಾಯಿಯ ಕಾಲಕ್ಕೆ ನಾಲ್ಕೈದು. ನಮ್ಮ ಕಾಲಕ್ಕೆ ಎರಡು. ಇನ್ನು ನಮ್ಮ ಮಕ್ಕಳ ಮನೆಗಳಲ್ಲಿ ಒಂದೇ ತೊಟ್ಟಿಲು, ಅದೂ ಒಂದೇ ಸಲ ತೂಗುತ್ತದೆ. ಮೂರು ತಲೆಮಾರುಗಳಲ್ಲಿ ಇಷ್ಟು ದೊಡ್ಡ ಬದಲಾವಣೆ ಹೇಗಾಯಿತು? ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಒಂದು, ಕೆಂಪು ತ್ರಿಕೋನದ ಪ್ರಚಾರ. ಇನ್ನೊಂದು, ಬೆಲೆಯೇರಿಕೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಅಂಕಿ ಅಂಶಗಳ ಫೈಲುಗಳ ನಡುವೆಯೇ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಈ ಎರಡಕ್ಕಿಂತ ಹಳೆಯದಾದ ಮೂರನೆಯ ಕಾರಣವೊಂದು ಹೆಚ್ಚು ಬಲವಾಗಿ ಕಾಣುತ್ತದೆ. ಅದು ಹೆಣ್ಣುಮಗುವಿನ ಕೈಗೆ ಬಂದ ಬಳಪ. ಈ ಮಾತನ್ನು ನಮ್ಮ ಮೈಸೂರು ಮತ್ತು ಪಕ್ಕದ ಕೇರಳದ ಚರಿತ್ರೆಗಳನ್ನು ಜೊತೆಯಲ್ಲಿಟ್ಟು ಪರಿಶೀಲಿಸೋಣ.

ಮೈಸೂರಿನ ಚಿಕಿತ್ಸಾಲಯ

ಮೈಸೂರು ಸಂಸ್ಥಾನ ಹಲವು ವಿಷಯಗಳಲ್ಲಿ ದೇಶಕ್ಕೆ ಮೊದಲಿಗನೆಂಬುದು ನಮಗೆಲ್ಲ ಹೆಮ್ಮೆಯ ಮಾತು. ಆದರೆ ಅದರ ಒಂದು ಮೊದಲು ಅನೇಕರಿಗೆ ತಿಳಿಯದು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿಯೂ ಮಿರ್ಜಾ ಇಸ್ಮಾಯಿಲರು ದಿವಾನರಾಗಿಯೂ ಇದ್ದಾಗ, ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮಂಜೂರಾತಿ ನೀಡಿತು. ಸರ್ಕಾರವೊಂದು ತಾನೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈ ಹಾಕಿದ್ದು ಪ್ರಪಂಚದಲ್ಲೇ ಮೊದಲು ಎಂದು ಚರಿತ್ರಕಾರರು ಹೇಳುತ್ತಾರೆ. ವಿಲಾಯತಿಯಲ್ಲೂ ಅಮೆರಿಕೆಯಲ್ಲೂ ಈ ವಿಷಯವನ್ನು ಬಾಯಿಬಿಟ್ಟು ಆಡಲು ಜನ ಸಂಕೋಚಪಡುತ್ತಿದ್ದ ಕಾಲವದು.

ಫಲವೇನಾಯಿತು? ಚಿಕಿತ್ಸಾಲಯದ ಬಾಗಿಲು ತೆರೆದಿತ್ತು, ಒಳಗೆ ಬರುವವರು ಕಡಿಮೆ. ಮುಂದಿನ ಎರಡು ಮೂರು ದಶಕಗಳಲ್ಲಿ ಮೈಸೂರಿನ ಜನನ ಪ್ರಮಾಣ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. ಆಗ ಆರೋಗ್ಯ ಮಂತ್ರಿಣಿಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಶಿಷ್ಯೆ. ಉಪಕರಣಗಳಿಗಿಂತ ಸಂಯಮವೇ ಲೇಸು ಎಂಬ ಅಭಿಪ್ರಾಯದವರು. ತಿಂಗಳಿನ ಸುರಕ್ಷಿತ ದಿನಗಳನ್ನು ಲೆಕ್ಕ ಹಾಕಿ ನಡೆಯುವ ಪದ್ಧತಿಯನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎರಡು ಸ್ಥಳಗಳನ್ನು ಆರಿಸಿದರು. ಒಂದು ನಮ್ಮ ರಾಮನಗರ. ಇನ್ನೊಂದು ದೆಹಲಿಯ ಲೋದಿ ಕಾಲೊನಿ, ಅಂದರೆ ಕೇಂದ್ರ ಸರ್ಕಾರದ ನೌಕರರ ವಸತಿ! ನಮ್ಮ ವೃತ್ತಿಯ ಹಿರಿಯರೇ ಪ್ರಯೋಗಕ್ಕೆ ಒಳಗಾದವರು. ದಿನಗಳ ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ಮಣಿ ಎಣಿಸಿದ್ದಾಯಿತು, ತೊಟ್ಟಿಲು ಮಾತ್ರ ನಿಲ್ಲಲಿಲ್ಲ.

ಅದೇ ಸಮಯದಲ್ಲಿ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ದೊಡ್ಡದೊಂದು ಜನಸಂಖ್ಯಾ ಸಮೀಕ್ಷೆಯನ್ನು ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ಲೆಕ್ಕ ಅದು. ಕಸುಬು ಬೇರೆ, ಆದಾಯ ಬೇರೆ ಆದರೂ ಮಕ್ಕಳ ಸಂಖ್ಯೆಯಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಎದ್ದು ಕಂಡ ವ್ಯತ್ಯಾಸ ಒಂದೇ. ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದ ಹೆಂಗಸರಿಗೆ ಮಾತ್ರ ಮಕ್ಕಳು ಸ್ಪಷ್ಟವಾಗಿ ಕಡಿಮೆ. ಆದರೆ ಅಂಥವರು ಆಗ ಎಷ್ಟು ಮಂದಿ? ಬೆರಳೆಣಿಕೆಯಷ್ಟು. ಮಹಾರಾಣಿ ಶಾಲೆ ಮೈಸೂರಿನಲ್ಲಿ 1881ರಲ್ಲೇ ಆರಂಭವಾಗಿದ್ದರೂ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿದ್ದರೂ, ಅಕ್ಷರದ ಬೆಳಕು ಪಟ್ಟಣದ ಕೆಲವು ಮನೆಗಳ ಹೊಸಿಲು ದಾಟಿ ಹಳ್ಳಿಯ ಹೆಣ್ಣುಮಕ್ಕಳನ್ನು ತಲುಪಿರಲಿಲ್ಲ.

ತಿರುವಾಂಕೂರಿನ ಶಾಲೆ

ಈಗ ಗಡಿಯಾಚೆ ನೋಡೋಣ. ತಿರುವಾಂಕೂರು ಸಂಸ್ಥಾನದ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲಿ ಒಂದು ಆಜ್ಞೆ ಹೊರಡಿಸಿದಳು. ಪ್ರಜೆಗಳ ಶಿಕ್ಷಣದ ಖರ್ಚನ್ನು ಸರ್ಕಾರವೇ ಹೊರಬೇಕೆಂಬುದು ಅದರ ತಾತ್ಪರ್ಯ. ಆಜ್ಞೆ ಹೊರಟ ಮಾತ್ರಕ್ಕೆ ಎಲ್ಲರೂ ಓದಿದರೆಂದು ತಿಳಿಯಬಾರದು. ಅದು ಹೊತ್ತಿಸಿದ್ದು ಒಂದು ದೀಪವನ್ನು ಮಾತ್ರ. ಎಣ್ಣೆ ಹೊಯ್ದವರು ಬೇರೆ ಬೇರೆ ಜನ. ಕೋಟ್ಟಯಂ ಸುತ್ತಮುತ್ತ 1820ರ ಆಸುಪಾಸಿನಲ್ಲೇ ಮಿಷನರಿಗಳ ಹೆಣ್ಣುಮಕ್ಕಳ ಶಾಲೆ ಕಾಣಿಸಿಕೊಂಡಿತು. ಶ್ರೀ ನಾರಾಯಣ ಗುರುಗಳು ಈಳವ ಸಮುದಾಯಕ್ಕೆ ದೇವಾಲಯದಷ್ಟೇ ವಿದ್ಯಾಲಯವೂ ಮುಖ್ಯವೆಂದು ಬೋಧಿಸಿದರು. ಅವರ ಹೆಸರಿನ ಧರ್ಮ ಪರಿಪಾಲನ ಯೋಗಂ 1903ರಲ್ಲಿ ಸ್ಥಾಪನೆಯಾಯಿತು. ದಲಿತರ ನಾಯಕ ಅಯ್ಯನ್‌ಕಾಳಿ, ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ನಿಮ್ಮ ಗದ್ದೆಗಳಿಗೆ ನಾವು ಇಳಿಯುವುದಿಲ್ಲವೆಂದು ಕೂಲಿಕಾರರ ಮುಷ್ಕರ ಹೂಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಮಾತಿದು. ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದವರನ್ನು ನಾವು ಬಲ್ಲೆವು. ಅಕ್ಷರಕ್ಕಾಗಿ ಹೂಡಿದವರು ಅಪರೂಪ.

ಹೀಗೆ ಅರಮನೆ, ಚರ್ಚು, ಮಠ, ಜಾತಿ ಸಂಘ, ಕೂಲಿಕಾರ, ಎಲ್ಲರೂ ಪೈಪೋಟಿಯ ಮೇಲೆ ಶಾಲೆ ಕಟ್ಟಿದ ನಾಡು ಅದು. 1956ರಲ್ಲಿ ಕೇರಳ ರಾಜ್ಯ ಉದಯವಾದಾಗ ತಿರುವಾಂಕೂರು-ಕೊಚ್ಚಿಗಳು ಮುಂದೆ, ಮದರಾಸಿನ ಆಡಳಿತದಲ್ಲಿದ್ದ ಮಲಬಾರು ಹಿಂದೆ ಇದ್ದವು. ನಮ್ಮ ಕಾಸರಗೋಡು ಕೂಡ ಆಗಲೇ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಅತ್ತ ಸೇರಿತು. ಜನನ ಪ್ರಮಾಣದ ಇಳಿತವೂ ಇದೇ ಕ್ರಮದಲ್ಲಿ ನಡೆಯಿತು: ಮೊದಲು ದಕ್ಷಿಣದ ಜಿಲ್ಲೆಗಳಲ್ಲಿ, ತಡವಾಗಿ ಮಲಬಾರಿನಲ್ಲಿ. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಊಟ. ಆದರೂ ಶಾಲೆ ಮೊದಲು ಬಂದ ಕಡೆ ತೊಟ್ಟಿಲು ಮೊದಲು ನಿಧಾನಿಸಿತು.

ಇಪ್ಪತ್ತು ವರ್ಷಗಳ ಲೆಕ್ಕ

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಅಷ್ಟೊಂದು ಶಾಲೆಗಳಿದ್ದರೂ 1961ರಿಂದ 1971ರವರೆಗಿನ ದಶಕದಲ್ಲಿ ಕೇರಳದ ಜನಸಂಖ್ಯೆ ನೂರಕ್ಕೆ 26ರಂತೆ ಬೆಳೆಯಿತಲ್ಲ, ಭಾರತದ ಸರಾಸರಿಯಾದ ಸುಮಾರು 25ಕ್ಕಿಂತಲೂ ಹೆಚ್ಚಾಗಿ? ನಿಜ. ಆ ಕಾಲದಲ್ಲಿ, ಓದಿದರೆ ಮಕ್ಕಳು ಕಡಿಮೆಯಾಗುತ್ತಾರೆಂಬುದು ಪುಸ್ತಕದ ಬದನೆಕಾಯಿ ಎಂದು ಗೇಲಿ ಮಾಡುವುದು ಸುಲಭವಿತ್ತು. ಆದರೆ ಅಕ್ಷರ ಮೊದಲು ಮಾಡುವ ಕೆಲಸ ಹುಟ್ಟನ್ನು ತಡೆಯುವುದಲ್ಲ, ಸಾವನ್ನು ತಡೆಯುವುದು. ನೀರು ಕಾಯಿಸಿ ಕುಡಿಸಬೇಕು, ಸಿಡುಬಿನ ಚುಚ್ಚುಮದ್ದು ಹಾಕಿಸಬೇಕು, ಜ್ವರ ಬಂದರೆ ಆಸ್ಪತ್ರೆಗೆ ಒಯ್ಯಬೇಕು ಎಂದು ತಿಳಿದ ತಾಯಿಯ ಮಕ್ಕಳು ಬದುಕಿ ಉಳಿದರು. 1971ರ ಸುಮಾರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವರು ಇಡೀ ಭಾರತದಲ್ಲಿ 130ರಷ್ಟು, ಕೇರಳದಲ್ಲಿ 60ರಷ್ಟು. ಸಾವು ಇಳಿದು ಹುಟ್ಟು ಹಾಗೆಯೇ ಉಳಿದಾಗ ಜನಸಂಖ್ಯೆ ಏರಲೇಬೇಕು. ಹೆತ್ತ ಮಕ್ಕಳೆಲ್ಲ ಉಳಿಯುತ್ತಾರೆಂಬ ಧೈರ್ಯ ತಾಯಂದಿರಿಗೆ ಬಂದ ಮೇಲೆಯೇ ಎರಡನೆಯ ಹಂತ.

ಆ ಹಂತವನ್ನು ನಮ್ಮ ರಾಜ್ಯದೊಡನೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಎಷ್ಟು ಹುಟ್ಟು ಎಂಬುದೇ ಜನನ ಪ್ರಮಾಣ. 1971ರಲ್ಲಿ ಅದು ಕೇರಳದಲ್ಲಿ 31, ಆಗಿನ್ನೂ ಮೈಸೂರು ಎಂದೇ ಕರೆಸಿಕೊಳ್ಳುತ್ತಿದ್ದ ಕರ್ನಾಟಕದಲ್ಲಿ ಸುಮಾರು 32. ಅಂದರೆ ಇಬ್ಬರೂ ಒಂದೇ ಗೆರೆಯಲ್ಲಿ ನಿಂತಿದ್ದರು. ಆದರೆ ಅದೇ 1971ರ ಜನಗಣತಿಯಲ್ಲಿ, ಎಳೆಯ ಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಅಕ್ಷರ ಬಲ್ಲ ಹೆಂಗಸರು ಕೇರಳದಲ್ಲಿ ನೂರಕ್ಕೆ 54, ಕರ್ನಾಟಕದಲ್ಲಿ 21. ಇಪ್ಪತ್ತು ವರ್ಷ ಕಳೆದ ಮೇಲೆ, 1991ರಲ್ಲಿ, ಕೇರಳದ ಜನನ ಪ್ರಮಾಣ 18ಕ್ಕೆ ಇಳಿದಿತ್ತು. ಕರ್ನಾಟಕ ಇನ್ನೂ 27ರಲ್ಲಿತ್ತು. 1971ರಲ್ಲಿ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿಯರೇ 1991ರ ತಾಯಂದಿರು. ಬಿತ್ತಿದ ಬೀಜ ಅದೇ ವರ್ಷ ಮೊಳೆಯುವುದು ರಾಗಿಗೆ ಸರಿ. ಅಕ್ಷರ ತೆಂಗಿನ ಜಾತಿಯದು, ಫಲ ಕೊಡಲು ಕಾಲ ಬೇಕು.

ಕೇರಳದ ಇಳಿತಕ್ಕೆ ಶಸ್ತ್ರಚಿಕಿತ್ಸಾ ಶಿಬಿರಗಳೇ ಕಾರಣವೆನ್ನುವವರೂ ಇದ್ದಾರೆ. 1971ರ ಜುಲೈ ತಿಂಗಳಲ್ಲಿ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಮಿಕ್ಕಿ ಗಂಡಸರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ದಾಖಲೆ. ಆದರೆ ಶಿಬಿರ, ಬಹುಮಾನ, ಗುರಿ, ಇವು ದೇಶದೆಲ್ಲೆಡೆ ಇದ್ದವು. ಕೊನೆಗೆ ಬಲಾತ್ಕಾರವೂ ಬಂತು. ತುರ್ತು ಪರಿಸ್ಥಿತಿಯ ಕಾಲದ 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಉತ್ತರದ ರಾಜ್ಯಗಳಲ್ಲಿ ಜನ ಸರ್ಕಾರಿ ಜೀಪು ಕಂಡರೆ ಹೊಲಕ್ಕೆ ಓಡುವಂತಾಯಿತು. 1977ರ ಚುನಾವಣೆಯಲ್ಲಿ ಅದರ ಉತ್ತರ ಸಿಕ್ಕಿತು. ಕುಟುಂಬ ಯೋಜನೆ ಎಂಬ ಹೆಸರೇ ಕೆಟ್ಟು, ಇಲಾಖೆಗೆ ಕುಟುಂಬ ಕಲ್ಯಾಣವೆಂದು ಮರುನಾಮಕರಣ ಮಾಡಬೇಕಾಯಿತು. ಲಾಭವೇನು? 1977ರಲ್ಲಿ 33 ಇದ್ದ ಭಾರತದ ಜನನ ಪ್ರಮಾಣ 1981ರಲ್ಲಿ ಸುಮಾರು 34. ದೊಣ್ಣೆ ಹಿಡಿದು ಕಲಿಸಿದ ಪಾಠ ದೊಣ್ಣೆ ಕೆಳಗಿಟ್ಟ ಕೂಡಲೇ ಮರೆತುಹೋಗುತ್ತದೆ. ಬಳಪ ಹಿಡಿದು ಕಲಿತದ್ದು ಮಗಳಿಗೂ ಮೊಮ್ಮಗಳಿಗೂ ದಾಟುತ್ತದೆ.

ಅಕ್ಷರ ಮಾಡುವ ಕೆಲಸ

ಅ ಆ ಇ ಈ ಕಲಿತ ಮಾತ್ರಕ್ಕೆ ಮಕ್ಕಳು ಏಕೆ ಕಡಿಮೆಯಾಗಬೇಕು? ಇದರಲ್ಲಿ ಮಂತ್ರವೇನೂ ಇಲ್ಲ. ಮೊದಲನೆಯದು, ಶಾಲೆಗೆ ಹೋಗುವ ಹುಡುಗಿಯ ಮದುವೆ ಮುಂದಕ್ಕೆ ಹೋಗುತ್ತದೆ. ಮೈಸೂರಿನಲ್ಲಿ 1894ರಲ್ಲೇ ಬಾಲ್ಯವಿವಾಹ ತಡೆಯಲು ಕಾನೂನು ತಂದರು, ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆ ಕೂಡದೆಂದು. ದೇಶಕ್ಕೆ 1929ರಲ್ಲಿ ಶಾರದಾ ಕಾಯಿದೆ ಬಂತು, ಹೆಣ್ಣಿಗೆ ಹದಿನಾಲ್ಕು ತುಂಬಬೇಕೆಂದು. ಕಾನೂನುಗಳು ಪುಸ್ತಕದಲ್ಲಿದ್ದವು, ಮದುವೆಗಳು ಚಪ್ಪರದಡಿ ನಡೆಯುತ್ತಲೇ ಇದ್ದವು. ಹತ್ತನೆಯ ತರಗತಿಯ ಪರೀಕ್ಷೆ ಮಾತ್ರ ಮುಹೂರ್ತವನ್ನು ಮುಂದೂಡಿತು. 1971ರಲ್ಲಿ ಹೆಣ್ಣುಮಕ್ಕಳ ಸರಾಸರಿ ವಿವಾಹ ವಯಸ್ಸು ಭಾರತದಲ್ಲಿ ಸುಮಾರು 17, ಕೇರಳದಲ್ಲಿ ಸುಮಾರು 21. ನಾಲ್ಕು ವರ್ಷವೆಂದರೆ ಎರಡು ಹೆರಿಗೆಯ ಕಾಲ.

ಎರಡನೆಯದು, ಮನೆಯೊಳಗೆ ಮಾತಿನ ಬೆಲೆ. ಓದು ಬಲ್ಲ ಸೊಸೆ ಅತ್ತೆಯ ಮುಂದೆ ಎದುರಾಡುತ್ತಾಳೆಂದು ನಮ್ಮ ಹಿರಿಯರು ಗೊಣಗುತ್ತಿದ್ದರು. ಎದುರಾಟವಲ್ಲ, ಅದು ತನ್ನ ಶರೀರದ ಬಗ್ಗೆ ತಾನೂ ಒಂದು ಮಾತು ಹೇಳಬಲ್ಲೆನೆಂಬ ಧೈರ್ಯ. ಔಷಧದ ಚೀಟಿ ಓದಬಲ್ಲಳು, ನರ್ಸಮ್ಮನನ್ನು ಪ್ರಶ್ನೆ ಕೇಳಬಲ್ಲಳು, ಒಬ್ಬಳೇ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಬಲ್ಲಳು. 1930ರ ಮೈಸೂರಿನ ಚಿಕಿತ್ಸಾಲಯಕ್ಕೆ ಕೊರತೆಯಾಗಿದ್ದದ್ದು ಔಷಧವಲ್ಲ, ಈ ಹೆಂಗಸು.

ಮೂರನೆಯದನ್ನು ನಮ್ಮ ನಾಡಿನಲ್ಲೇ ಕಂಡುಹಿಡಿದರು. ಆಸ್ಟ್ರೇಲಿಯಾದ ಜನಸಂಖ್ಯಾ ಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್ ದಂಪತಿಗಳು ಬೆಂಗಳೂರಿನ ಪಿ. ಎಚ್. ರೆಡ್ಡಿಯವರ ಜೊತೆ ಸೇರಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ದೀರ್ಘಕಾಲ ಅಧ್ಯಯನ ನಡೆಸಿ 1988ರಲ್ಲಿ ಗ್ರಂಥ ಪ್ರಕಟಿಸಿದರು. ಹಿಂದೆ ಮಗು ಎಂದರೆ ಐದನೆಯ ವಯಸ್ಸಿಗೇ ಕುರಿ ಕಾಯುವ, ಸಗಣಿ ಬಾಚುವ ಎರಡು ಕೈ. ಶಾಲೆಗೆ ಸೇರಿದ ಮೇಲೆ ಅದೇ ಮಗು ಎಂದರೆ ಫೀಜು, ಪುಸ್ತಕ, ಅಂಗಿ, ಚಪ್ಪಲಿ ಬೇಡುವ ಒಂದು ಬಾಯಿ. ಐದು ಮಕ್ಕಳನ್ನು ಅರೆಬರೆ ಬೆಳೆಸುವುದಕ್ಕಿಂತ ಇಬ್ಬರನ್ನು ಚೆನ್ನಾಗಿ ಓದಿಸಿ ನೌಕರಿಗೆ ಹಚ್ಚೋಣವೆಂದು ರೈತ ಯೋಚಿಸತೊಡಗಿದ. ಅಂದರೆ ತಾಯಿಯ ಓದಿನಷ್ಟೇ ಮಕ್ಕಳನ್ನು ಓದಿಸುವ ಆಸೆಯೂ ಸಂಸಾರವನ್ನು ಚಿಕ್ಕದು ಮಾಡುತ್ತದೆ. ಇದು ನಮಗೆ ಹೊಸದೇನಲ್ಲ. ಊರು ಬಿಟ್ಟು ಈ ಮಹಾನಗರಗಳಿಗೆ ಬಂದ ನಾವೆಲ್ಲ ಇದೇ ಲೆಕ್ಕಾಚಾರದ ಮಕ್ಕಳು.

ಎರಡು ಎಚ್ಚರಿಕೆಗಳು

ಆದರೆ ಎಲ್ಲವನ್ನೂ ಅಕ್ಷರದ ಖಾತೆಗೇ ಜಮಾ ಮಾಡಿದರೆ ಲೆಕ್ಕ ತಪ್ಪುತ್ತದೆ. 2001ರಲ್ಲಿ ಆಂಧ್ರಪ್ರದೇಶದ ಹೆಂಗಸರಲ್ಲಿ ಅಕ್ಷರಸ್ಥರು ಅರ್ಧದಷ್ಟು ಮಾತ್ರ. ಆದರೂ 2005-06ರ ಸಮೀಕ್ಷೆಯ ವೇಳೆಗೆ ಅಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳ ಸಂಖ್ಯೆ 1.8ಕ್ಕೆ ಬಂದಿತ್ತು. ಧಾರವಾಡದ ಜನತಾ ಶಿಕ್ಷಣ ಸಮಿತಿಯ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿದ್ದು ಮುಂದೆ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಪಿ. ಎನ್. ಮಾರಿ ಭಟ್ ಅವರು ಈ ಒಗಟನ್ನು ಬಿಡಿಸಲು ಶ್ರಮಿಸಿದವರು. ಭಾರತದಲ್ಲಿ ಜನನ ಇಳಿತದ ದೊಡ್ಡ ಪಾಲು ಓದದ ಹೆಂಗಸರಿಂದಲೇ ಬಂದಿದೆ ಎಂದು ಅವರು 2002ರಲ್ಲಿ ತೋರಿಸಿದರು. ಓದಿದವಳು ಇಟ್ಟ ಹೆಜ್ಜೆಯನ್ನು ಓದದ ನೆರೆಯವಳು ನೋಡಿ ಅನುಸರಿಸಿದಳೆಂದೂ, ಚಿಕ್ಕ ಸಂಸಾರವೇ ತಿರುಗಿ ಮಕ್ಕಳ ಓದನ್ನು ಹೆಚ್ಚಿಸಿತೆಂದೂ ಇದರಿಂದ ಅರ್ಥವಾಗುತ್ತದೆ. ದೀಪ ಒಂದು ಮನೆಯದಾದರೂ ಬೆಳಕು ಬೀದಿಯದು.

ಎರಡನೆಯ ಎಚ್ಚರಿಕೆ ಕಹಿ. ಓದು ಬಂದು ಗಂಡುಮಗುವಿನ ಹಂಬಲ ಹೋಗದಿದ್ದರೆ ಏನಾಗುತ್ತದೆಂಬುದನ್ನು ಉತ್ತರದಲ್ಲಿ ಕಂಡೆವು. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಪಂಜಾಬಿನಲ್ಲಿ 798 ಹೆಣ್ಣುಮಕ್ಕಳು, ನಮ್ಮ ಸುಶಿಕ್ಷಿತ ದೆಹಲಿಯಲ್ಲಿ 868. ಇಬ್ಬರೇ ಮಕ್ಕಳು ಸಾಕು, ಅವರಲ್ಲಿ ಹೆಣ್ಣು ಬೇಡ ಎಂದವರು ಅನಕ್ಷರಸ್ಥರಲ್ಲ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿತ್ತು. ಲೆಕ್ಕ ಕಲಿಸಿ ವಿವೇಕ ಕಲಿಸದ ಶಾಲೆಯ ಫಲವದು.

ನಮ್ಮ ಪಾಲಿನ ಕೆಲಸ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ತಾಯಿಗೆ ಸರಾಸರಿ ಮಕ್ಕಳು ಭಾರತದಲ್ಲಿ 2.0, ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3.0. ಅದೇ ಸಮೀಕ್ಷೆಯಲ್ಲಿ ಶಾಲೆಯನ್ನೇ ಕಾಣದ ಹೆಂಗಸರಿಗೆ 2.8, ಹನ್ನೆರಡು ವರ್ಷ ಮತ್ತು ಅದಕ್ಕೂ ಹೆಚ್ಚು ಓದಿದವರಿಗೆ 1.8. ಕಚೇರಿಯ ಚಹಾದ ಹೊತ್ತಿನಲ್ಲಿ ಈ ಅಂಕಿಗಳು ಜಗಳಕ್ಕೆ ಕಾರಣವಾಗುವುದನ್ನು ನಾವು ಕಂಡಿದ್ದೇವೆ. ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 1976ರ ಸಂವಿಧಾನ ತಿದ್ದುಪಡಿ 1971ರ ಜನಗಣತಿಗೆ ಕಟ್ಟಿಹಾಕಿತು. 2001ರ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬಿಗಿದಿಟ್ಟಿತು. ಮಕ್ಕಳನ್ನು ಕಡಿಮೆ ಮಾಡಿ ನೀವು ಸೋತಿರಿ ಎಂದು ಒಬ್ಬರು ನಗುತ್ತಾರೆ; ನಿಮ್ಮವರು ಹೆತ್ತು ಹೆತ್ತು ಗೆಲ್ಲುತ್ತಾರೆ ಎಂದು ನಮ್ಮವರು ಸಿಡುಕುತ್ತಾರೆ. ಎರಡೂ ಸಲ್ಲದ ಮಾತು. ಉತ್ತರದಲ್ಲೇ ಇರುವ ಹಿಮಾಚಲ ಪ್ರದೇಶ ಹಳ್ಳಿಹಳ್ಳಿಗೆ ಶಾಲೆ ಮುಟ್ಟಿಸಿ, ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂಡಿಸಿ, ಇಂದು ನಮ್ಮ ಸಾಲಿನಲ್ಲೇ ನಿಂತಿದೆ. ಅಲ್ಲಿಯೂ 1.7. ಇದು ಉತ್ತರ ದಕ್ಷಿಣದ ಪ್ರಶ್ನೆಯಲ್ಲ, ಜಾತಿ ಮತದ ಪ್ರಶ್ನೆಯೂ ಅಲ್ಲ. ಶಾಲೆ ಯಾರಿಗೆ ಯಾವಾಗ ಸಿಕ್ಕಿತೆಂಬ ಪ್ರಶ್ನೆ. ಸಂಸತ್ತಿನ ಲೆಕ್ಕವನ್ನು ನ್ಯಾಯವಾಗಿ ಬಗೆಹರಿಸುವುದು ರಾಜಕಾರಣಿಗಳ ಹೊಣೆ. ಅದಕ್ಕಾಗಿ ಬಿಹಾರದ ತಾಯಿಯನ್ನು ಹಳಿಯುವ ಅಧಿಕಾರ ನಮಗಿಲ್ಲ, ಏಕೆಂದರೆ ನಮ್ಮ ಅಜ್ಜಿಯೂ ಅವಳೇ.

ನಮ್ಮ ಮನೆಯೊಳಗೂ ಕೆಲಸ ಬಾಕಿಯಿದೆ. 2011ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ 68. ದಕ್ಷಿಣ ಕನ್ನಡ, ಉಡುಪಿಗಳು ಎಂದೋ ಕೇರಳದ ಹಾದಿ ಹಿಡಿದವು. ರಾಯಚೂರು, ಯಾದಗಿರಿ, ಕಲಬುರಗಿಗಳು ತಡವಾಗಿ ಹೊರಟವು. ಬಿಸಿಯೂಟ ಬಂತು, 2006-07ರಿಂದ ಹೈಸ್ಕೂಲು ಮಕ್ಕಳಿಗೆ ಸೈಕಲ್ಲು ಬಂತು, ಹೆಣ್ಣುಮಕ್ಕಳು ಬೆಲ್ಲು ಬಾರಿಸಿಕೊಂಡು ಶಾಲೆಗೆ ಹೋಗುವ ದೃಶ್ಯ ಆ ಸೀಮೆಯಲ್ಲೂ ಕಂಡಿತು. ಆದರೆ ಅದೇ ಜಿಲ್ಲೆಗಳಿಂದ ಗುಳೆ ಹೊರಟು ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಕನ್ನಡದ ಕುಟುಂಬಗಳಿವೆ. ಅವರ ಹೆಣ್ಣುಮಗಳು ಶಾಲೆಗೆ ಹೋಗುವುದಿಲ್ಲ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಮರಳಿನ ರಾಶಿಯ ಪಕ್ಕದಲ್ಲಿ ಕುಳಿತಿರುತ್ತಾಳೆ. ಇನ್ನು ಕೆಲವರ ಮಗಳು ನಮ್ಮ ನಿಮ್ಮ ಮನೆಗಳಲ್ಲೇ ಪಾತ್ರೆ ತಿಕ್ಕುತ್ತಾಳೆ. ಅವಳ ಮದುವೆ ಹದಿನೈದಕ್ಕೋ ಇಪ್ಪತ್ತೊಂದಕ್ಕೋ, ಅವಳ ಮಕ್ಕಳು ಐದೋ ಎರಡೋ, ಉಳಿಯುವವೋ ಹೋಗುವವೋ ಎಂಬುದು ಅವಳು ಈ ವರ್ಷ ಶಾಲೆಗೆ ಹೋಗುತ್ತಾಳೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ನಮ್ಮ ಸಂಘಗಳು ರಾಜ್ಯೋತ್ಸವ ಮಾಡುತ್ತವೆ, ನಾಟಕ ಆಡಿಸುತ್ತವೆ, ಹಬ್ಬದ ಊಟ ಬಡಿಸುತ್ತವೆ. ಎಲ್ಲವೂ ಬೇಕು. ಅವುಗಳ ಜೊತೆಗೆ, ಪ್ರತಿಯೊಂದು ಸಂಘವೂ ತನ್ನ ನಗರದಲ್ಲಿರುವ ಇಂಥ ಹತ್ತು ಹೆಣ್ಣುಮಕ್ಕಳ ಪಟ್ಟಿ ಮಾಡಿ, ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ, ಹತ್ತನೆಯ ತರಗತಿ ಮುಗಿಯುವವರೆಗೆ ಅವರ ಬೆನ್ನಿಗೆ ನಿಂತರೆ ಹೇಗೆ? ದಾಖಲೆಪತ್ರ ಇಲ್ಲ, ಭಾಷೆ ಬಾರದು, ವಿಳಾಸ ನಿಲ್ಲದು ಎಂಬ ತೊಡಕುಗಳು ಬರುತ್ತವೆ. ಅರ್ಜಿ ಬರೆಯುವುದೂ ಫೈಲು ಮುಂದಕ್ಕೆ ತಳ್ಳುವುದೂ ನಮ್ಮಲ್ಲಿ ಅನೇಕರಿಗೆ ಹೊಟ್ಟೆಪಾಡಿನ ವಿದ್ಯೆ. ಅದನ್ನು ಇಂಥ ಕೆಲಸಕ್ಕೂ ಒಮ್ಮೆ ಬಳಸಬಹುದಲ್ಲವೆ? ತಿರುವಾಂಕೂರಿನ ಕೂಲಿಕಾರರು ಗದ್ದೆಗೆ ಇಳಿಯದೆ ಮಕ್ಕಳ ಶಾಲೆಗಾಗಿ ಕುಳಿತರು. ನಾವು ಭಾನುವಾರದ ಒಂದೆರಡು ಗಂಟೆ ಕೊಟ್ಟರೆ ಸಾಕು.